ಒಬ್ಬಳೇ ಯುರೋಪ್ ಗ್ರೂಪ್ ಟೂರಿಗೆ ಸೇರಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ

ಪ್ರಶ್ನೆ (ಶಿವಮೊಗ್ಗ ಜಿಲ್ಲೆಯಿಂದ)

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದೆ. ಹೋದ ವರ್ಷ ನಿವೃತ್ತಿ ಆಯಿತು. ವಯಸ್ಸು 61. ಯಜಮಾನರು ತೀರಿಕೊಂಡು ಆರು ವರ್ಷ.

ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಯುರೋಪಿನ ನಕ್ಷೆ ಬರೆದಿದ್ದೇನೆ. ಆಲ್ಪ್ಸ್‌ಗೆ ಕಂದು ಚಾಕ್‌ಪೀಸ್, ರೈನ್ ನದಿಗೆ ನೀಲಿ. ಆಲ್ಪ್ಸ್‌ನಲ್ಲಿ ಹುಟ್ಟುತ್ತದೆ, ನೆದರ್ಲೆಂಡ್ಸ್ ದಾಟಿ ಉತ್ತರ ಸಮುದ್ರ ಸೇರುತ್ತದೆ ಅಂತ ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕ ಇಲ್ಲ. ಆ ನದಿಯನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನುವುದು ಬಹಳ ದಿನದ ಆಸೆ.

ಮಗ ಪುಣೆಯಲ್ಲಿದ್ದಾನೆ. "ಮುಂದಿನ ವರ್ಷ ಎಲ್ಲರೂ ಸೇರಿ ಹೋಗೋಣಮ್ಮ" ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದಾನೆ. ಅವನ ಮೇಲೆ ಬೇಸರ ಇಲ್ಲ, ಅವನ ಕೆಲಸ ಹಾಗಿದೆ. ಆದರೆ ನನ್ನ ಮಂಡಿ ಕಾಯುವುದಿಲ್ಲ ಅಲ್ವಾ.

ಬೆಂಗಳೂರಿನ ಒಂದು ಟೂರ್ ಕಂಪನಿಯಲ್ಲಿ ವಿಚಾರಿಸಿದೆ. 13 ದಿನ. ಪ್ಯಾರಿಸ್ಸಿನಿಂದ ರೋಮ್ ತನಕ ಬಸ್ಸು. ಜೊತೆಗೆ ಟೂರ್ ಮ್ಯಾನೇಜರ್ ಇರುತ್ತಾರೆ, ಇಂಡಿಯನ್ ಊಟ ಸಿಗುತ್ತದೆ. "ಮೇಡಂ, ನಿಮ್ಮ ಜೊತೆ ಯಾರು?" ಅಂತ ಕೇಳಿದರು. "ಯಾರೂ ಇಲ್ಲ, ನಾನೊಬ್ಬಳೇ" ಅಂದೆ. ಆ ಕಡೆ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ, "ಹಾಗಾದರೆ ಶೇರಿಂಗಾ, ಸಿಂಗಲ್ಲಾ?" ಅಂದರು. ನನಗೆ ಅರ್ಥ ಆಗಲಿಲ್ಲ. ಆಮೇಲೆ ಹೇಳುತ್ತೇನೆ ಅಂತ ಫೋನ್ ಇಟ್ಟೆ.

ವಿಮಾನಕ್ಕೆ, ವೀಸಾಗೆ ನಾನು ಹೆದರುವವಳಲ್ಲ. ಚುನಾವಣೆ ಡ್ಯೂಟಿಗೆ ಎಂಥೆಂಥಾ ಊರಿಗೆ ಹೋಗಿ ಬಂದಿದ್ದೇನೆ. ನನ್ನ ಭಯ ಬೇರೆ. ಬಸ್ಸಿನ ತುಂಬಾ ಗಂಡ ಹೆಂಡತಿ ಮಕ್ಕಳು ಇರುತ್ತಾರೆ. ನಾನು ಎಲ್ಲಿ ಕೂರಬೇಕು? ಊಟಕ್ಕೆ ಯಾರ ಜೊತೆ? ಗುರುತಿಲ್ಲದವರ ಜೊತೆ ರೂಮಿನಲ್ಲಿ ಮಲಗುವುದು ಹೇಗೆ? ಹಿಂದಿ ಅಷ್ಟಕ್ಕಷ್ಟೇ. ನಿಜವಾಗಿ ಹೋಗಿ ಬಂದವರು ಇದ್ದರೆ, ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ 1 (ಮೈಸೂರಿನಿಂದ)

ಮೇಡಂ, ನಾನು 2024ರ ಮೇ ತಿಂಗಳಲ್ಲಿ ಹೀಗೇ ಒಬ್ಬಳೇ ಹೋಗಿ ಬಂದೆ. ಆಗ ನನಗೆ 63. ಬ್ಯಾಂಕಿನಲ್ಲಿದ್ದೆ. ಮದುವೆ ಆದವಳಲ್ಲ, ಒಬ್ಬಳೇ ಇರುವುದು ನನಗೆ ರೂಢಿ. ಆದರೂ ನೀವು ಬರೆದ ಅಷ್ಟೂ ಭಯ ನನಗೂ ಇತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ರೂಮಿನ ವಿಚಾರ. ಪೇಪರಿನಲ್ಲಿ ಹಾಕುವ ರೇಟು ಇಬ್ಬರಿಗೆ ಒಂದು ರೂಮು ಅನ್ನುವ ಲೆಕ್ಕದ್ದು. ಒಬ್ಬರಿಗೇ ರೂಮು ಬೇಕು ಅಂದರೆ ಮೇಲೆ ಹಣ ಕೊಡಬೇಕು. ಅದಕ್ಕೆ ಸಿಂಗಲ್ ಸಪ್ಲಿಮೆಂಟ್ ಅನ್ನುತ್ತಾರೆ. ಬೇಡ ಅಂದರೆ ನಿಮ್ಮ ಹಾಗೇ ಒಬ್ಬರೇ ಬಂದ ಇನ್ನೊಬ್ಬ ಹೆಂಗಸಿನ ಜೊತೆ ಹಾಕುತ್ತಾರೆ. ಅದು ಶೇರಿಂಗ್. ನಾನು ಶೇರಿಂಗ್ ತಗೊಂಡೆ.

ನನಗೆ ಜೊತೆಯಾದವರು ಕೊಲ್ಹಾಪುರದವರು, ನಿವೃತ್ತ ನರ್ಸ್. ಅವರಿಗೆ ಕನ್ನಡ ಬರದು, ನನಗೆ ಮರಾಠಿ ಬರದು, ಇಬ್ಬರ ಹಿಂದಿಯೂ ಅರೆಬರೆ. ಪ್ಯಾರಿಸ್ಸಿನ ಮೊದಲ ರಾತ್ರಿ ಅವರು ಮಂಚದ ಮೇಲೆ ಕೂತು ನೇರವಾಗಿ ಹೇಳಿದರು. ನಾನು ಗೊರಕೆ ಹೊಡೆಯುತ್ತೇನೆ, ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ನಿಮಗೆ ಏನು ತೊಂದರೆ ಆಗುತ್ತದೆ ಹೇಳಿ ಅಂತ. ನನಗೆ ಬೆಳಕಿದ್ದರೆ ನಿದ್ದೆ ಬರುವುದಿಲ್ಲ ಅಂದೆ. ಅಲ್ಲೇ ಮೂರು ಮಾತು ಆಡಿಕೊಂಡೆವು. ಹತ್ತಕ್ಕೆ ದೀಪ ಆರಿಸುವುದು, ಬೆಳಿಗ್ಗೆ ಬಚ್ಚಲಿಗೆ ಮೊದಲು ಅವರು, ರೂಮಿನ ಕೀ ಯಾವಾಗಲೂ ಮೊದಲು ವಾಪಸ್ ಬರುವವರ ಕೈಯಲ್ಲಿ. ಅವರು ತಮ್ಮ ಬ್ಯಾಗಿನಿಂದ ಹತ್ತಿ ತೆಗೆದು ನನ್ನ ಕೈಗೆ ಕೊಟ್ಟರು, ಕಿವಿಗೆ ಇಟ್ಟುಕೊಳ್ಳಿ ಅಂತ. 12 ರಾತ್ರಿ ಒಂದು ಮುನಿಸೂ ಬರಲಿಲ್ಲ. ಎಲ್ಲರಿಗೂ ಇಂಥವರೇ ಸಿಗುತ್ತಾರೆ ಅಂತ ಹೇಳಲಾರೆ. ಆದರೆ ಮೊದಲ ರಾತ್ರಿಯೇ ಮಾತಾಡಿಕೊಳ್ಳಿ. ಮೂರನೇ ದಿನಕ್ಕೆ ಬಿಟ್ಟರೆ ಅದೇ ಮಾತು ದೂರಿನ ಹಾಗೆ ಕೇಳಿಸುತ್ತದೆ.

ಬಸ್ಸಿನ ಸೀಟಿಗೆ ಚಿಂತೆ ಬೇಡ. ನಮ್ಮ ಟೂರಿನಲ್ಲಿ ದಿನಕ್ಕೊಂದು ಸಾಲು ಬದಲಾಗುತ್ತಿತ್ತು. ಇವತ್ತು ಮುಂದೆ ಕೂತವರು ನಾಳೆ ಹಿಂದೆ. ನನ್ನ ರೂಮಿನವರಿಗೆ ಬಸ್ಸಿನಲ್ಲಿ ವಾಂತಿ ಬರುವ ಹಾಗಾಗುತ್ತಿತ್ತು, ಅವರಿಗೆ ಮುಂದಿನ ಸೀಟು ಕಾಯಂ ಮಾಡಿಕೊಟ್ಟರು. ಹಾಗಾಗಿ ನನ್ನ ಪಕ್ಕದ ಸೀಟು ಖಾಲಿ. ಎರಡನೇ ದಿನ ಹುಬ್ಬಳ್ಳಿಯ ಒಂದು ಕುಟುಂಬದ ಹುಡುಗ, ಏಳು ವರ್ಷದವನು, ಬಂದು ನಿಂತ. "ಅಜ್ಜಿ, ನಿಮ್ಮ ಕಿಟಕಿ ದೊಡ್ಡದೈತಿ, ಕೂಡ್ಲಾ?" ಅಂದ. ಆ ಹೊತ್ತಿನಿಂದ ಟೂರು ಮುಗಿಯುವ ತನಕ ಆ ಸೀಟು ಅವನದೇ.

ಇನ್ನು ಮುಖ್ಯವಾದದ್ದು ಹೇಳುತ್ತೇನೆ. ಜರ್ಮನಿಯ ಹೆದ್ದಾರಿಯಲ್ಲಿ ಒಂದು ಕಡೆ ಬಸ್ಸು ನಿಲ್ಲಿಸಿದರು. 20 ನಿಮಿಷ ಟೈಮು. ಅಲ್ಲಿ ಟಾಯ್ಲೆಟ್‌ಗೆ ಒಂದು ಯೂರೋ. ನಾಣ್ಯ ಹಾಕಿದರೆ ಗೇಟು ತೆರೆಯುತ್ತದೆ. ನನ್ನ ಹತ್ತಿರ ಐವತ್ತು ಯೂರೋ ನೋಟು ಮಾತ್ರ ಇತ್ತು. ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು, ಚಿಲ್ಲರೆ ಮಾಡಿಸಿ, ಸಾಲಿನಲ್ಲಿ ನಿಂತು, ಹೊರಗೆ ಬರುವಾಗ ಇನ್ನೊಂದು ಬಾಗಿಲಿನಿಂದ ಬಂದೆ. ಎದುರಿಗೆ ಆರೇಳು ಬಸ್ಸು. ಎಲ್ಲಾ ಬಿಳಿ. ನಮ್ಮದು ಯಾವುದು ಅಂತ ನೋಡುವಷ್ಟರಲ್ಲಿ ದೂರದಲ್ಲಿ ಒಂದು ಬಸ್ಸು ಬಾಗಿಲು ಮುಚ್ಚಿಕೊಂಡು ನಿಧಾನ ಹೊರಟಿತು. ಕಿಟಕಿಯಲ್ಲಿ ಆ ಹುಡುಗ. ಎರಡೂ ಕೈಯಿಂದ ಗಾಜು ಬಡಿಯುತ್ತಿದ್ದಾನೆ. ಬಸ್ಸು ನಾಲ್ಕು ಮಾರು ಹೋಗಿ ನಿಂತಿತು. ಒಳಗೆ ಹೋದ ಮೇಲೆ ಗೊತ್ತಾಯಿತು. ತಲೆ ಎಣಿಕೆಯಲ್ಲಿ ಒಂದು ತಪ್ಪಿತ್ತು, ಎಲ್ಲರೂ ಬಂದರು ಅಂತ ಮ್ಯಾನೇಜರ್ ಹೊರಡಿಸಿದ್ದರು. ನನ್ನ ರೂಮಿನವರು ಮುಂದೆ ಕೂತು ಕಣ್ಣು ಮುಚ್ಚಿದ್ದರು. "ನಮ್ಮ ಅಜ್ಜಿ ಬಂದಿಲ್ಲ" ಅಂತ ಕೂಗಿದ್ದು ಆ ಹುಡುಗ ಒಬ್ಬನೇ.

ಕುಟುಂಬದವರಿಗೆ ಈ ತೊಂದರೆ ಇಲ್ಲ. ಹೆಂಡತಿ ಬರದಿದ್ದರೆ ಗಂಡ ಎದ್ದು ನಿಲ್ಲುತ್ತಾನೆ. ಒಬ್ಬರೇ ಹೋದವರಿಗೆ ಯಾರು ಎದ್ದು ನಿಲ್ಲುತ್ತಾರೆ? ಆದ್ದರಿಂದ ಮೊದಲ ದಿನವೇ ಬಸ್ಸಿನಲ್ಲಿ ಯಾರಾದರೂ ಒಬ್ಬರಿಗೆ ಬಾಯಿ ಬಿಟ್ಟು ಹೇಳಿ. "ನಾನೊಬ್ಬಳೇ ಬಂದಿದ್ದೇನೆ. ಬಸ್ಸು ಹೊರಡುವಾಗ ನಾನು ಇದ್ದೀನಾ ಒಂದು ಸಲ ನೋಡಿ. ನಾನೂ ನಿಮ್ಮನ್ನು ನೋಡುತ್ತೇನೆ." ಇದರಲ್ಲಿ ಸಂಕೋಚ ಬೇಡ. ಊಟಕ್ಕೆ, ಫೋಟೋಗೆ ಜೊತೆ ತಾನಾಗಿ ಸಿಗುತ್ತದೆ. ಇದನ್ನು ಮಾತ್ರ ಕೇಳಿಯೇ ಪಡೆಯಬೇಕು. ಮತ್ತೆ ಬಸ್ಸಿಳಿಯುವಾಗ ಅದರ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ಜೇಬಿನಲ್ಲಿ ಯಾವಾಗಲೂ ನಾಲ್ಕೈದು ಒಂದು ಯೂರೋ ನಾಣ್ಯ ಇರಲಿ. ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್.

ಊಟದ ವಿಚಾರ. ಮೊದಲ ರಾತ್ರಿ ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಎಲ್ಲಾ ಟೇಬಲ್ಲೂ ಒಂದೊಂದು ಮನೆಯವರದ್ದು. ಆ ಎರಡು ನಿಮಿಷ ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ. ಮಾರನೇ ದಿನದಿಂದ ಮೊದಲೇ ಹೋಗಿ ಮಧ್ಯದ ಟೇಬಲ್ಲಿನಲ್ಲಿ ಕೂರುತ್ತಿದ್ದೆ. ಬರುವವರು "ಆಂಟಿ, ಇಲ್ಲಿ ಯಾರಾದರೂ ಇದ್ದಾರಾ?" ಅಂತ ನನ್ನನ್ನೇ ಕೇಳುತ್ತಿದ್ದರು.

ಸ್ವಿಟ್ಜರ್ಲೆಂಡಿನ ಲೂಸರ್ನ್ ಊರಿನಲ್ಲಿ ಎರಡು ಗಂಟೆ ಬಿಟ್ಟರು. ಎಲ್ಲರೂ ವಾಚಿನ ಅಂಗಡಿಗೆ ಹೋದರು. ನಾನು ಅಲ್ಲಿನ ಹಳೇ ಮರದ ಸೇತುವೆ ದಾಟಿದೆ. 1993ರಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಗಿತ್ತಂತೆ, ಮತ್ತೆ ಹಾಗೇ ಕಟ್ಟಿದ್ದಾರೆ. ಆಮೇಲೆ ಬಂಡೆಯಲ್ಲಿ ಕೆತ್ತಿದ ಸಾಯುತ್ತಿರುವ ಸಿಂಹದ ಎದುರು ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. 1792ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ ಸ್ವಿಸ್ ಕಾವಲುಗಾರರ ನೆನಪಿಗೆ ಮಾಡಿದ್ದು. ನೀವು ಫ್ರೆಂಚ್ ಕ್ರಾಂತಿ ಪಾಠ ಮಾಡಿದವರು, ನಿಮಗೆ ಗೊತ್ತಿರುತ್ತದೆ. ಆ ಸಿಂಹದ ಮುಖ ಈಗಲೂ ಕಣ್ಣ ಮುಂದೆ ಇದೆ. ಜೊತೆಗೆ ಯಾರಾದರೂ ಇದ್ದಿದ್ದರೆ ಅಷ್ಟು ಹೊತ್ತು ಕೂರಲು ಬಿಡುತ್ತಿರಲಿಲ್ಲ.

ಹೋಗಿ ಮೇಡಂ.

ಉತ್ತರ 2 (ಮಂಗಳೂರಿನಿಂದ)

ಮೈಸೂರಿನ ಮೇಡಂ ಹೇಳಿದ್ದು ಸರಿ. ಆದರೆ ರೂಮಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನಾನು 66ನೇ ವಯಸ್ಸಿನಲ್ಲಿ ಹೋದೆ, ಹಣ ಹೆಚ್ಚು ಕೊಟ್ಟು ಸಿಂಗಲ್ ರೂಮು ತೆಗೆದುಕೊಂಡೆ. ನನಗೆ ಸಕ್ಕರೆ ಕಾಯಿಲೆ ಇದೆ, ರಾತ್ರಿ ಎರಡು ಮೂರು ಸಲ ಏಳಬೇಕು. ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಇನ್ನೊಬ್ಬರ ನಿದ್ದೆ ಕೆಡಿಸುತ್ತೇನೆ ಅನ್ನುವ ಚಿಂತೆಯಲ್ಲಿ ನನ್ನ ನಿದ್ದೆಯೂ ಹೋಗುತ್ತಿತ್ತು. ದಿನವಿಡೀ ಜನರ ನಡುವೆ ಇರುತ್ತೇವೆ, ರಾತ್ರಿ ಬಾಗಿಲು ಹಾಕಿಕೊಂಡು ಸುಮ್ನೆ ಇರುವುದು ನನಗಂತೂ ಬೇಕಿತ್ತು. ಕೈಯಲ್ಲಿ ಹಣ ಇದ್ದರೆ ಸಿಂಗಲ್ ತೆಗೆದುಕೊಳ್ಳಿ.

ಮಂಡಿ ನೋವು ಅಂದಿರಿ. ವೆನಿಸ್‌ನಲ್ಲಿ ಬಸ್ಸು ಊರೊಳಗೆ ಹೋಗುವುದಿಲ್ಲ. ಟ್ರೊಂಕೆಟ್ಟೊ ಅನ್ನುವ ಕಡೆ ಇಳಿಸಿ ದೋಣಿ ಹತ್ತಿಸುತ್ತಾರೆ. ಆಮೇಲೆ ಮೆಟ್ಟಿಲಿನ ಸೇತುವೆಗಳು, ಒಂದರ ಹಿಂದೆ ಒಂದು. ಈಗಿನಿಂದಲೇ ದಿನಾ ಒಂದು ಗಂಟೆ ನಡೆಯಿರಿ. ಹೊಸ ಶೂ ಬೇಡ, ಎರಡು ತಿಂಗಳು ಹಾಕಿ ಪಳಗಿದ ಶೂ ಹಾಕಿಕೊಂಡು ಹೋಗಿ. ಸ್ವಿಟ್ಜರ್ಲೆಂಡಿನಲ್ಲಿ ಹಿಮ ನೋಡಲು ಬೆಟ್ಟದ ಮೇಲೆ ಕರೆದುಕೊಂಡು ಹೋಗುವ ಯುಂಗ್‌ಫ್ರೌಯೋಖ್ 3,454 ಮೀಟರ್ ಎತ್ತರ. ರೈಲಿನಲ್ಲೇ ಹೋದರೂ ಮೇಲೆ ಉಸಿರು ಬೇಗ ಬೇಗ ಬರುತ್ತದೆ, ನಿಧಾನ ನಡೆಯಬೇಕು.

ವೀಸಾಕ್ಕೆ ಕನಿಷ್ಠ 30,000 ಯೂರೋ ಇನ್ಶೂರೆನ್ಸ್ ಬೇಕೇ ಬೇಕು, ಕಂಪನಿಯವರೇ ಮಾಡಿಸುತ್ತಾರೆ. ಆದರೆ ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ. ಮಾತ್ರೆ, ಡಾಕ್ಟರ ಚೀಟಿ ಎರಡೂ ಕೈಚೀಲದಲ್ಲೇ ಇರಲಿ.

ಉತ್ತರ 3 (ಬೆಂಗಳೂರಿನಿಂದ, ಮೊದಲು ಟೂರ್ ಮ್ಯಾನೇಜರ್ ಆಗಿದ್ದವನು)

ಅಮ್ಮಾ, ನಾನು ಯುರೋಪ್ ಗ್ರೂಪುಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಈಗ ಆ ಕೆಲಸದಲ್ಲಿಲ್ಲ. ಒಳಗಿನ ಎರಡು ಮೂರು ವಿಷಯ ಹೇಳುತ್ತೇನೆ.

ಶೇರಿಂಗ್ ಅಂತ ಬುಕ್ ಮಾಡಿದ ಮಾತ್ರಕ್ಕೆ ಜೊತೆ ಸಿಗುತ್ತದೆ ಅಂತ ಅಲ್ಲ. ಒಂಟಿಯಾಗಿ ಬರುವ ಹೆಂಗಸರು ಮೂರು ಜನ ಆದರೆ ಇಬ್ಬರು ಒಂದು ರೂಮು, ಮೂರನೆಯವರು ಉಳಿದರು. ಆಗ ಕೆಲವು ಕಂಪನಿಗಳು ಕೊನೇ ವಾರದಲ್ಲಿ ಫೋನ್ ಮಾಡಿ "ಸಿಂಗಲ್ ಹಣ ಕಟ್ಟಿ" ಅನ್ನುತ್ತವೆ. ಇನ್ನು ಕೆಲವು ತಾವೇ ಆ ಹಣ ಹಾಕಿಕೊಳ್ಳುತ್ತವೆ. ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ, "ಜೊತೆ ಸಿಗದಿದ್ದರೆ ಹೆಚ್ಚಿನ ಹಣ ಯಾರದ್ದು?" ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಮತ್ತೆ ಸಿಂಗಲ್ ಅಂದರೆ ದೊಡ್ಡ ರೂಮು ಅಂದುಕೊಳ್ಳಬೇಡಿ. ಎಷ್ಟೋ ಹೋಟೆಲಿನಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕ ರೂಮು.

ಮೈಸೂರಿನ ಅಮ್ಮನಿಗೆ ಆದದ್ದು ಓದಿ ನನಗೆ ನಿಜಕ್ಕೂ ನೋವಾಯಿತು. ಎಣಿಕೆ ತಪ್ಪುವುದು ಮ್ಯಾನೇಜರನ ತಪ್ಪು, ಬೇರೆ ಮಾತಿಲ್ಲ. ಆದರೆ ಅಷ್ಟು ಗಡಿಬಿಡಿ ಯಾಕೆ ಅಂತ ಹೇಳುತ್ತೇನೆ. ಅಲ್ಲಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕಡ್ಡಾಯ. ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಜಾಸ್ತಿ ಓಡಿಸುವ ಹಾಗಿಲ್ಲ. ರಾತ್ರಿ ಇಷ್ಟು ಗಂಟೆ ವಿಶ್ರಾಂತಿ ಅಂತಲೂ ಇದೆ. ಎಲ್ಲವೂ ಬಸ್ಸಿನ ಟ್ಯಾಕೋಗ್ರಾಫ್‌ನಲ್ಲಿ ದಾಖಲಾಗುತ್ತದೆ, ಪೊಲೀಸರು ತೆಗೆದು ನೋಡುತ್ತಾರೆ, ದಂಡ ಹಾಕುತ್ತಾರೆ. ಹಾಗಾಗಿ ಬೆಳಿಗ್ಗೆ ಹತ್ತು ಜನ ಹತ್ತು ಹತ್ತು ನಿಮಿಷ ತಡ ಮಾಡಿದರೆ ಸಂಜೆ ನೋಡಬೇಕಾದ ಒಂದು ಜಾಗ ಕೈಬಿಟ್ಟು ಹೋಗುತ್ತದೆ. ನಮ್ಮಲ್ಲಿ 6-7-8 ಅನ್ನುತ್ತೇವೆ. ಆರಕ್ಕೆ ಏಳುವುದು, ಏಳಕ್ಕೆ ತಿಂಡಿ, ಎಂಟಕ್ಕೆ ಬಸ್ಸು. ಒಂಟಿಯಾಗಿ ಬಂದವರು ಇದರಲ್ಲಿ ಯಾವಾಗಲೂ ಮೊದಲು. ಕುಟುಂಬಗಳೇ ತಡ.

ಇನ್ನು ಬೆಂಗಳೂರಿನಿಂದ ನಿಮ್ಮ ಜೊತೆ ಮ್ಯಾನೇಜರ್ ಹೊರಡುತ್ತಾರಾ, ಅಥವಾ ಮುಂಬೈಯವರ ಜೊತೆ ಬೇರೆ ವಿಮಾನದಲ್ಲಿ ಬಂದು ಪ್ಯಾರಿಸ್ಸಿನಲ್ಲಿ ಸೇರುತ್ತಾರಾ ಅಂತ ಕೇಳಿ. ಎರಡನೆಯದಾದರೆ ವಿಮಾನ ಬದಲಿಸುವ ಊರಿನಲ್ಲಿ ನೀವೇ ಗೇಟು ಹುಡುಕಿಕೊಳ್ಳಬೇಕು. ಕಷ್ಟ ಏನಲ್ಲ, ಆದರೆ ಮೊದಲೇ ಗೊತ್ತಿರಬೇಕು. ಬಿಲ್ಲಿನಲ್ಲಿ ಟಿಸಿಎಸ್ ಅಂತ, ಅಂದರೆ ಮೊದಲೇ ವಸೂಲು ಮಾಡುವ ಆದಾಯ ತೆರಿಗೆ ಅಂತ, ಒಂದು ಮೊತ್ತ ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ನಂಬರಿಗೆ ಜಮೆಯಾಗುತ್ತದೆ. ಪಿಂಚಣಿದಾರರು ಬಹಳ ಜನ ಅದನ್ನು ಹಾಗೇ ಬಿಟ್ಟುಬಿಡುತ್ತಾರೆ. ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಮಾಡಿಸಿ, ಉಳಿದದ್ದು ವಾಪಸ್ ಬರುತ್ತದೆ.

ಪೇಡ, ತುಪ್ಪ ಕಟ್ಟಿಕೊಳ್ಳಬೇಡಿ. ಹಾಲಿನ ಪದಾರ್ಥ ಯುರೋಪಿನೊಳಗೆ ಒಯ್ಯಲು ಬಿಡುವುದಿಲ್ಲ. ಚಟ್ನಿಪುಡಿ ತಗೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಕೂತು ಎರಡೆರಡು ಸಲ ಓದಿದೆ. ಗಾಜು ಬಡಿದ ಹುಡುಗನ ವಿಷಯ ಓದುವಾಗ ಕಣ್ಣಲ್ಲಿ ನೀರು ಬಂತು.

ಬೆಳಿಗ್ಗೆ ಕಂಪನಿಗೆ ಫೋನ್ ಮಾಡಿದೆ. ಜೊತೆ ಸಿಗದಿದ್ದರೆ ಹಣ ಯಾರದ್ದು ಅಂತ ಕೇಳಿದೆ. "ನಿಮ್ಮದೇ ಮೇಡಂ" ಅಂದರು. ಎಷ್ಟು ಅಂತ ಕೇಳಿ ಬರೆದುಕೊಂಡೆ, ಇಮೇಲ್ ಕಳಿಸಿ ಅಂದೆ. ಸಂಜೆಯೊಳಗೆ ಬಂತು. ಅಷ್ಟು ಹಣವನ್ನು ಬೇರೆ ತೆಗೆದಿಟ್ಟು ಶೇರಿಂಗ್‌ಗೆ ಹೆಸರು ಕೊಡುವುದು ಅಂತ ತೀರ್ಮಾನ ಮಾಡಿದ್ದೇನೆ. ಜೊತೆ ಸಿಕ್ಕರೆ ಸಂತೋಷ, ಸಿಗದಿದ್ದರೂ ಹೋಗುವುದು ನಿಲ್ಲುವುದಿಲ್ಲ. ಮ್ಯಾನೇಜರ್ ಬೆಂಗಳೂರಿನಿಂದಲೇ ಬರುತ್ತಾರಂತೆ. ಅವರಿಗೆ ಕನ್ನಡವೂ ಬರುತ್ತದಂತೆ.

ಮಗನಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅಲ್ಲಿ ಖರ್ಚಿಗೆ ಯೂರೋ ತುಂಬಿಸಿದ ಫೊರೆಕ್ಸ್ ಕಾರ್ಡ್ ನಾನು ಮಾಡಿಸುತ್ತೇನೆ" ಅಂದ.

ಮೈಸೂರಿನ ಅಕ್ಕಾ, ಇನ್ನೊಂದೇ ಪ್ರಶ್ನೆ. ರೈನ್ ನದಿ ಈ ಟೂರಿನಲ್ಲಿ ಸರಿಯಾಗಿ ಕಾಣುತ್ತದಾ? ಪಟ್ಟಿಯಲ್ಲಿ ಬರೀ "ರೈನ್ ಜಲಪಾತ" ಅಂತ ಇದೆ.

ಉತ್ತರ 1 ಬರೆದವರಿಂದ

ಕಾಣುತ್ತದೆ. ಎರಡು ಕಡೆ ಕಾಣುತ್ತದೆ.

ಜಲಪಾತ ಇರುವುದು ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಹತ್ತಿರ. ಎತ್ತರ 23 ಮೀಟರ್ ಅಷ್ಟೇ, ನಿಮ್ಮ ಜೋಗ ನೋಡಿದವರಿಗೆ ಎತ್ತರ ಏನೂ ಅನ್ನಿಸುವುದಿಲ್ಲ. ಆದರೆ ಅಗಲ 150 ಮೀಟರ್. ನಾನು ಹೋದಾಗ ಮೇ ತಿಂಗಳು, ಹಿಮ ಕರಗಿ ನೀರು ತುಂಬಿತ್ತು. ಕಟಕಟೆಯ ಕಂಬಿ ಹಿಡಿದು ನಿಂತರೆ ಕೈಯಲ್ಲಿ ನಡುಕ ಗೊತ್ತಾಗುತ್ತಿತ್ತು. ಸಣ್ಣ ದೋಣಿಯಲ್ಲಿ ನೀರಿನ ಮಧ್ಯದ ಬಂಡೆ ತನಕ ಕರೆದುಕೊಂಡು ಹೋಗುತ್ತಾರೆ. ಬಂಡೆಯ ಮೇಲಿನ ಮೆಟ್ಟಿಲು ಕಿರಿದು, ಒದ್ದೆ ಇರುತ್ತದೆ. ಮಂಡಿ ನೋವಿದ್ದರೆ ದೋಣಿ ಸಾಕು, ಮೆಟ್ಟಿಲು ಬೇಡ.

ಇನ್ನೊಂದು ಜಾಗ ಪಟ್ಟಿಯಲ್ಲಿ ಇರುವುದಿಲ್ಲ. ಜರ್ಮನಿಯ ಕೊಲೋನ್‌ನಲ್ಲಿ ಬಸ್ಸು ನಿಲ್ಲುವುದು ದೊಡ್ಡ ಚರ್ಚ್ ನೋಡಲು. ಅದರ ಗೋಪುರ 157 ಮೀಟರ್, ಎಲ್ಲರೂ ಎದುರಿಗೆ ನಿಂತು ಕತ್ತೆತ್ತಿ ಫೋಟೋ ತೆಗೆಯುತ್ತಾರೆ, ಅಷ್ಟಕ್ಕೆ ಟೈಮು ಮುಗಿಯುತ್ತದೆ. ನೀವು ಫೋಟೋ ಬೇಗ ಮುಗಿಸಿ ಚರ್ಚಿನ ಹಿಂಭಾಗಕ್ಕೆ ಬನ್ನಿ. ಐದು ನಿಮಿಷ ನಡಿಗೆ ಅಷ್ಟೇ. ಅಲ್ಲೇ ರೈಲು ಸೇತುವೆ ಶುರುವಾಗುತ್ತದೆ, ಪಕ್ಕದಲ್ಲಿ ನಡೆಯುವವರಿಗೆ ದಾರಿ ಇದೆ. ಕಂಬಿಬೇಲಿಯ ಉದ್ದಕ್ಕೂ ಜೋಡಿಗಳು ಹಾಕಿಹೋದ ಬೀಗ. ಕೆಳಗೆ ರೈನ್. ಆ ಜಲಪಾತದ ನೀರೇ ಅಷ್ಟು ದೂರ ಬಂದು ಅಲ್ಲಿ ತಣ್ಣಗೆ ಹರಿಯುತ್ತದೆ, ಮೇಲೆ ಉದ್ದುದ್ದ ಸರಕಿನ ದೋಣಿಗಳು ಹೋಗುತ್ತಿರುತ್ತವೆ. ನೀವು ನೀಲಿ ಚಾಕ್‌ಪೀಸಿನಲ್ಲಿ ಬರೆದ ಗೆರೆ ಅದೇ.

ಹೋಗುವ ಮೊದಲು ಬಸ್ಸಿನ ನಿಮ್ಮ ಜೊತೆಯವರಿಗೆ ಹೇಳಿ ಹೋಗಿ, ಬಸ್ಸು ಹೊರಡುವ ಟೈಮು ಕೈ ಮೇಲೆ ಬರೆದುಕೊಳ್ಳಿ. ವಾಪಸ್ ಬಂದ ಮೇಲೆ ಇಲ್ಲಿ ಬರೆಯಿರಿ ಮೇಡಂ, ಕಾಯುತ್ತಿರುತ್ತೇನೆ.